ಮರ ಹತ್ತುವ ಕಾಲಿಗೆ ಶೇಕಡ 12: ಅಪಘಾತದ ಪರಿಹಾರ ಎಲ್ಲಿ ಕಡಿಮೆಯಾಗುತ್ತದೆ?

"ನೀವು ಈವತ್ತು ಕೋರ್ಟಿಗೆ ನಡೆದುಕೊಂಡೇ ಬಂದಿದ್ದೀರಿ, ಅಲ್ವಾ?"

"ಹೌದು ಸ್ವಾಮಿ."

"ಯಾರ ಸಹಾಯವೂ ಇಲ್ಲದೆ?"

"ಹೌದು ಸ್ವಾಮಿ."

ಇನ್ಶೂರೆನ್ಸ್ ಕಂಪನಿಯ ವಕೀಲರ ಪಾಟೀಸವಾಲು ಹೆಚ್ಚುಕಡಿಮೆ ಅಷ್ಟಕ್ಕೇ ಮುಗಿಯಿತು. ತುಮಕೂರಿನ ಕೋರ್ಟಿನ ಕಟಕಟೆಯಲ್ಲಿ ನಿಂತಿದ್ದವರು ನನ್ನ ಭಾವ. ಗುಬ್ಬಿ ತಾಲ್ಲೂಕಿನವರು. ತೆಂಗಿನ ಮರ ಹತ್ತಿ ಕಾಯಿ ಕೆಡವುವುದು ಅವರ ಕೆಲಸ. 2018ರಲ್ಲಿ ಬೈಕಿನಲ್ಲಿ ಮನೆಗೆ ಬರುತ್ತಿದ್ದಾಗ ಹಿಂದಿನಿಂದ ಒಂದು ಗೂಡ್ಸ್ ಗಾಡಿ ಗುದ್ದಿತು. ಬಲ ಮಂಡಿ ಒಡೆಯಿತು. ಆಪರೇಷನ್ ಆಯಿತು, ಒಳಗೆ ಪ್ಲೇಟು ಕೂತಿತು. ಆರು ತಿಂಗಳಿಗೆ ನಡೆಯಲು ಶುರು ಮಾಡಿದರು.

ಕೇಳಿದ್ದಕ್ಕೆ ಅವರು ಸತ್ಯವನ್ನೇ ಹೇಳಿದರು. ನಡೆಯುವುದಕ್ಕೆ ತೊಂದರೆ ಇಲ್ಲ. ಆದರೆ ಆ ಮಂಡಿ ಪೂರ್ತಿ ಮಡಚುವುದಿಲ್ಲ. ಮಂಡಿ ಮಡಚದೆ ಮರ ಹತ್ತುವುದು ಹೇಗೆ? ಆ ಪ್ರಶ್ನೆಯನ್ನು ಅವತ್ತು ಯಾರೂ ಕೇಳಲಿಲ್ಲ. ಎದುರು ಪಕ್ಷದವರು ಕೇಳಬೇಕಾಗಿಯೂ ಇರಲಿಲ್ಲ. ನಮ್ಮ ಕಡೆಯ ಅಫಿಡವಿಟ್‌ನಲ್ಲಿ ಅದು ಇರಬೇಕಿತ್ತು. ಅಲ್ಲಿ ಇದ್ದದ್ದು "ಕೂಲಿ ಕೆಲಸ" ಎಂಬ ಎರಡೇ ಪದ. ಡಾಕ್ಟರ್ ಕಾಲಿಗೆ ಶೇಕಡ 36ರಷ್ಟು ಊನ ಎಂದು ಹೇಳಿದರು. ಇಡೀ ದೇಹಕ್ಕೆ ಶೇಕಡ 12 ಎಂದು ಲೆಕ್ಕ ಹಿಡಿಯಲಾಯಿತು. 2021ರಲ್ಲಿ ಅದರ ಮೇಲೇ ಅವಾರ್ಡ್, ಅಂದರೆ ಪರಿಹಾರದ ತೀರ್ಪು, ಬಂತು.

ಇದನ್ನು ಯಾರ ಮೇಲೋ ದೂರು ಹೇಳಲು ಬರೆಯುತ್ತಿಲ್ಲ. ನಮ್ಮ ಜಿಲ್ಲೆಯಲ್ಲಿ ಕೈಕಾಲು ದುಡಿದರೆ ಮಾತ್ರ ಒಲೆ ಉರಿಯುವ ಮನೆಗಳು ಸಾವಿರಾರು. ಅಂಥವರಿಗೆ ರಸ್ತೆಯಲ್ಲಿ ಪೆಟ್ಟಾದಾಗ ಸಿಗಬೇಕಾದ ಹಣ ಕಡಿಮೆಯಾಗುವುದು ಬಹಳ ಸಲ ಕಾನೂನು ಕೆಟ್ಟದ್ದು ಎಂಬ ಕಾರಣಕ್ಕಲ್ಲ. ಅವರ ಕೆಲಸ ಏನು, ಆ ಕೆಲಸಕ್ಕೆ ದೇಹದ ಯಾವ ಭಾಗ ಬೇಕು ಎಂಬುದು ಕಾಗದದ ಮೇಲೆ ಬರುವುದೇ ಇಲ್ಲ. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ.

ಮೊದಲು ಲೆಕ್ಕ ಹೇಗೆ ಹಾಕುತ್ತಾರೆ ನೋಡೋಣ. ಇದು ಗೊತ್ತಿದ್ದರೆ ಉಳಿದದ್ದೆಲ್ಲ ಅರ್ಥವಾಗುತ್ತದೆ.

ಗಾಯಾಳುವಿಗೆ ಶಾಶ್ವತ ಊನ ಉಳಿದರೆ, ಮುಂದೆ ಅವನು ಕಳೆದುಕೊಳ್ಳುವ ದುಡಿಮೆಯನ್ನು ನಾಲ್ಕು ಅಂಕಿಗಳಿಂದ ಕಟ್ಟುತ್ತಾರೆ. ತಿಂಗಳ ಆದಾಯ, ಹನ್ನೆರಡು ತಿಂಗಳು, ವಯಸ್ಸಿಗೆ ತಕ್ಕ ಗುಣಕ, ಮತ್ತು ಊನದ ಶೇಕಡ. ಗುಣಕದ ಪಟ್ಟಿ ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪಿನಿಂದ ಬಂದದ್ದು. 25 ವರ್ಷದವರೆಗೆ 18. 31ರಿಂದ 35ರವರೆಗೆ 16. 41ರಿಂದ 45ಕ್ಕೆ 14. ವಯಸ್ಸು ಏರಿದಂತೆ ಇಳಿಯುತ್ತದೆ, 61ರಿಂದ 65ಕ್ಕೆ 7.

ಒಬ್ಬರ ವಯಸ್ಸು 34, ತಿಂಗಳ ದುಡಿಮೆ 15,000 ರೂಪಾಯಿ ಎಂದಿಟ್ಟುಕೊಳ್ಳಿ. ವರ್ಷಕ್ಕೆ 1,80,000. ಅದನ್ನು 16ರಿಂದ ಗುಣಿಸಿದರೆ 28,80,000. ಊನ ಶೇಕಡ 12 ಎಂದರೆ ಸಿಗುವುದು 3,45,600 ರೂಪಾಯಿ. ಅದೇ ಊನವನ್ನು ಶೇಕಡ 40 ಎಂದು ಹಿಡಿದರೆ 11,52,000. ಆದಾಯ ಅದೇ, ವಯಸ್ಸು ಅದೇ, ಮುರಿದ ಮಂಡಿಯೂ ಅದೇ. ಒಂದು ಅಂಕಿ ಬದಲಾದರೆ ಎಂಟು ಲಕ್ಷ ರೂಪಾಯಿ ವ್ಯತ್ಯಾಸ.

ಹಾಗಾದರೆ 12ನ್ನು 40 ಮಾಡಲು ಡಾಕ್ಟರ ಹತ್ತಿರ ಹೇಳಿ ಬರೆಸಬೇಕೇ? ಖಂಡಿತ ಬೇಡ. ಇಲ್ಲೇ ಬಹಳ ಜನ ತಪ್ಪು ದಾರಿ ಹಿಡಿಯುತ್ತಾರೆ. ಡಾಕ್ಟರ್ ಹೇಳುವುದು ದೇಹದ ಊನ. ಕೋರ್ಟು ನಿರ್ಧರಿಸಬೇಕಾದದ್ದು ದುಡಿಯುವ ಶಕ್ತಿಯ ನಷ್ಟ. ಇವೆರಡೂ ಬೇರೆ ಬೇರೆ. 2010ರ ರಾಜ್ ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಅಲ್ಲಿ ಕೊಟ್ಟಿರುವ ಉದಾಹರಣೆ ಯಾರಿಗಾದರೂ ಅರ್ಥವಾಗುವಂಥದ್ದು. ಒಬ್ಬನ ಎಡಗೈ ಹೋಯಿತು ಎನ್ನಿ. ಊನ ಸುಮಾರು ಶೇಕಡ 60. ಅವನು ಡ್ರೈವರ್ ಅಥವಾ ಬಡಗಿ ಆಗಿದ್ದರೆ ದುಡಿಮೆಯ ನಷ್ಟ ಹೆಚ್ಚುಕಡಿಮೆ ನೂರಕ್ಕೆ ನೂರು. ಸರ್ಕಾರಿ ಕಚೇರಿಯ ಗುಮಾಸ್ತನಾಗಿದ್ದರೆ ಕೆಲಸ ಉಳಿಯಬಹುದು, ಆಗ ನಷ್ಟ ಅಷ್ಟಿರುವುದಿಲ್ಲ.

ಅದೇ ತೀರ್ಪು ಕೋರ್ಟುಗಳಿಗೆ ಮೂರು ವಿಷಯ ನೋಡಲು ಹೇಳುತ್ತದೆ. ಊನ ಆದ ಮೇಲೆ ಈ ಮನುಷ್ಯ ಏನು ಮಾಡಬಲ್ಲ, ಏನು ಮಾಡಲಾರ? ಅಪಘಾತಕ್ಕೆ ಮುಂಚೆ ಅವನ ಕಸುಬು, ವಯಸ್ಸು ಏನಿತ್ತು? ಅದೇ ಕಸುಬನ್ನು ಮುಂದುವರಿಸಬಹುದೇ, ಅಥವಾ ಬೇರೆ ಕಡಿಮೆ ಕೆಲಸಕ್ಕೆ ಇಳಿಯಬೇಕೇ? ಎರಡನೇ ಪ್ರಶ್ನೆಗೆ "ಕೂಲಿ" ಎಂದು ಉತ್ತರ ಕೊಟ್ಟರೆ ಮೂರನೆಯದಕ್ಕೆ ಉತ್ತರವೇ ಹುಟ್ಟುವುದಿಲ್ಲ. ಕೂಲಿಯಲ್ಲಿ ನೂರು ಬಗೆ ಇದೆ. ತಿಪಟೂರಿನಲ್ಲಿ ಕಾಯಿ ಸುಲಿಯುವವರಿಗೆ ಭುಜ ಮತ್ತು ಸೊಂಟ ಬೇಕು. ಎಪಿಎಂಸಿಯಲ್ಲಿ ಮೂಟೆ ಹೊರುವ ಹಮಾಲಿಗೆ ಬೆನ್ನು ಬೇಕು. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳಿಗೆ ಬೆರಳು ಬೇಕು. ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಪಾಳಿ ಪೂರ್ತಿ ನಿಂತು ಮೆಷಿನ್ ನೋಡುವವನಿಗೆ ಕಣಕಾಲು ಬೇಕು.

ಕೋರ್ಟಿಗೆ ಇದು ತಾನಾಗಿ ತಿಳಿಯುವುದಿಲ್ಲ. ನ್ಯಾಯಾಧೀಶರು ನಮ್ಮ ತೋಟಕ್ಕೆ ಬಂದು ನೋಡುವುದಿಲ್ಲವಲ್ಲ. ಬರೆದು ಹೇಳಬೇಕು. ದಿನಕ್ಕೆ ಎಷ್ಟು ಮರ ಹತ್ತುತ್ತಿದ್ದೆ, ಮರಕ್ಕೆ ಎಷ್ಟು ಕೊಡುತ್ತಿದ್ದರು, ಹತ್ತುವಾಗ ಯಾವ ಕಾಲು ಮೇಲೆ ಎಳೆದುಕೊಳ್ಳಬೇಕು, ಈಗ ಎಷ್ಟು ಮಡಚುತ್ತದೆ, ಈಗ ಏನು ಕೆಲಸ ಮಾಡುತ್ತಿದ್ದೇನೆ, ಎಷ್ಟು ಸಿಗುತ್ತಿದೆ. ಕೆಲಸ ಕೊಡುತ್ತಿದ್ದ ತೋಟದವರೊಬ್ಬರು ಬಂದು ಸಾಕ್ಷಿ ಹೇಳಿದರೆ ಇನ್ನೂ ಒಳ್ಳೆಯದು. ಡಾಕ್ಟರಿಗೂ ಅದೇ ಪ್ರಶ್ನೆ ಕೇಳಬೇಕು. "ಈ ಮಂಡಿಯಲ್ಲಿ ಇವರು ಮರ ಹತ್ತಬಹುದೇ?" ಎಂಬ ಒಂದು ಪ್ರಶ್ನೆಗೆ ಡಾಕ್ಟರ್ "ಆಗುವುದಿಲ್ಲ" ಎಂದು ಹೇಳಿದ್ದು ದಾಖಲಾದರೆ, ಅದು ಹತ್ತು ಪುಟದ ವಾದಕ್ಕಿಂತ ಗಟ್ಟಿ.

ಇನ್ನೊಂದು ಮಾತು. ಚಿಕಿತ್ಸೆ ಕೊಟ್ಟ ಡಾಕ್ಟರೇ ಬಂದು ಹೇಳುವುದಕ್ಕೂ, ಕೇಸಿಗಾಗಿ ಒಂದೇ ದಿನ ನೋಡಿ ಸರ್ಟಿಫಿಕೇಟ್ ಕೊಟ್ಟವರು ಬಂದು ಹೇಳುವುದಕ್ಕೂ ತೂಕದಲ್ಲಿ ವ್ಯತ್ಯಾಸವಿದೆ. ಧಾರಾಳವಾಗಿ ಶೇಕಡ ಬರೆದುಕೊಡುವ ಸರ್ಟಿಫಿಕೇಟುಗಳ ಬಗ್ಗೆ ಎಚ್ಚರವಿರಲಿ ಎಂದು ಆ 2010ರ ತೀರ್ಪೇ ಹೇಳಿದೆ. ಉಬ್ಬಿಸಿ ಬರೆಸಿದ 40 ನಿಲ್ಲುವುದಿಲ್ಲ. ಡಾಕ್ಟರ ನಿಜವಾದ 12ನ್ನು ಕೆಲಸದ ವಿವರದ ಜೊತೆಗೆ ಇಟ್ಟರೆ 40 ಆಗಬಹುದು, ಕೆಲವೊಮ್ಮೆ ಅದಕ್ಕೂ ಜಾಸ್ತಿ ಆಗಬಹುದು.

ಈಗ ಆದಾಯದ ಅಂಕಿಗೆ ಬರೋಣ. ಸಂಬಳದ ಚೀಟಿ ಇರುವವರಿಗೆ ಇದು ಸಮಸ್ಯೆಯೇ ಅಲ್ಲ. ನಮ್ಮ ಕಡೆ ಬಹುಪಾಲು ಜನಕ್ಕೆ ಚೀಟಿ ಇಲ್ಲ. ಪುರಾವೆ ಇಲ್ಲದಿದ್ದರೆ ಕೋರ್ಟು ಅಂದಾಜಿನ ಆದಾಯ ಹಿಡಿಯುತ್ತದೆ. ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಲೋಕ ಅದಾಲತ್‌ಗಾಗಿ ವರ್ಷವಾರು ಒಂದು ಪಟ್ಟಿ ಮಾಡಿಕೊಂಡಿದೆ, ನಮ್ಮ ಹೈಕೋರ್ಟ್ ಕೂಡ ಎಷ್ಟೋ ತೀರ್ಪುಗಳಲ್ಲಿ ಅದನ್ನೇ ಅಳತೆಯಾಗಿ ಬಳಸುತ್ತದೆ. ಅಪಘಾತ ಆದ ವರ್ಷದ ಅಂಕಿ ಲೆಕ್ಕಕ್ಕೆ ಬರುತ್ತದೆ. ಏನೂ ಇಲ್ಲದವರಿಗೆ ಇದು ಆಸರೆ. ಆದರೆ ಅದಕ್ಕಿಂತ ಹೆಚ್ಚು ದುಡಿಯುತ್ತಿದ್ದವರಿಗೆ ನಷ್ಟ.

ಹಳ್ಳಿಯಲ್ಲಿ ಪುರಾವೆ ಎಲ್ಲಿಂದ ತರುವುದು ಎಂದು ಕೇಳಬಹುದು. ಹುಡುಕಿದರೆ ಇರುತ್ತದೆ. ಹಾಲಿನ ಡೇರಿಯ ಪಾಸ್ ಪುಸ್ತಕದಲ್ಲಿ ದಿನದ ಲೀಟರ್ ಇದೆ. ಮಹಿಳಾ ಸಂಘದ ಪುಸ್ತಕದಲ್ಲಿ ವಾರವಾರ ಕಟ್ಟಿದ ಕಂತು ಇದೆ. ದುಡಿಮೆ ಇಲ್ಲದವರು ಕಂತು ಕಟ್ಟಲು ಆಗುವುದಿಲ್ಲ ತಾನೇ? ಬೈಕಿನ ಸಾಲದ ಕಂತು, ಫೋನ್‌ಪೇಯಲ್ಲಿ ಬಂದ ಕೂಲಿ, ಮಾರುಕಟ್ಟೆಯ ಮಂಡಿಯವರ ಚೀಟಿ, ನರೇಗಾ ಹಾಜರಿ, ಕಟ್ಟಡ ಕಾರ್ಮಿಕರ ಕಾರ್ಡು, ಎಲ್ಲವೂ ಕೆಲಸಕ್ಕೆ ಬರುತ್ತವೆ. ಈ ಕೇಸುಗಳಲ್ಲಿ ಕೊಲೆ ಕೇಸಿನ ಹಾಗೆ ಅನುಮಾನಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕಿಲ್ಲ. ಹೀಗಿರುವ ಸಾಧ್ಯತೆಯೇ ಹೆಚ್ಚು ಎಂದು ತೋರಿಸಿದರೆ ಸಾಕು.

ಮನೆಯಲ್ಲೇ ಇರುವ ಹೆಂಗಸಿಗೆ ಪೆಟ್ಟಾದರೆ "ಅವಳಿಗೇನು ಆದಾಯ?" ಎಂದು ಮನೆಯವರೇ ಸುಮ್ಮನಾಗುವುದನ್ನು ನೋಡಿದ್ದೇನೆ. ಅದು ಸರಿಯಲ್ಲ. ಗೃಹಿಣಿಯ ಕೆಲಸಕ್ಕೂ ಬೆಲೆ ಕಟ್ಟಿ ಪರಿಹಾರ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಒತ್ತಿ ಹೇಳಿದೆ. ಅಡುಗೆ, ದನಕರು, ಮಕ್ಕಳು, ಹೊಲದ ಕಳೆ, ಎಲ್ಲವೂ ಕೆಲಸವೇ.

ಇದರ ಮೇಲೆ ಮುಂದೆ ಹೆಚ್ಚಬಹುದಾದ ಆದಾಯ ಎಂಬುದೊಂದಿದೆ. ಸ್ವಂತ ದುಡಿಮೆಯವರಿಗೆ ವಯಸ್ಸು 40ಕ್ಕಿಂತ ಕಡಿಮೆ ಇದ್ದರೆ ಆದಾಯಕ್ಕೆ ಶೇಕಡ 40 ಸೇರಿಸಬೇಕು, 40ರಿಂದ 50ರವರೆಗೆ ಶೇಕಡ 25, 50ರಿಂದ 60ಕ್ಕೆ ಶೇಕಡ 10. ಇದು 2017ರ ಪ್ರಣಯ್ ಸೇಠಿ ತೀರ್ಪು. ಸತ್ತವರ ಕೇಸಿಗೆ ಮಾತ್ರವಲ್ಲ, ಶಾಶ್ವತ ಊನ ಆದ ಗಾಯಾಳುವಿಗೂ ಇದು ಸಿಗಬೇಕು ಎಂದು 2020ರಲ್ಲಿ ಮತ್ತೆ ಸ್ಪಷ್ಟಪಡಿಸಿದ್ದಾರೆ. ಮೇಲಿನ ಲೆಕ್ಕದಲ್ಲಿ 15,000ವನ್ನು 21,000 ಎಂದು ಹಿಡಿದರೆ, ಶೇಕಡ 40ರ ನಷ್ಟಕ್ಕೆ ಮೊತ್ತ 16,12,800 ಆಗುತ್ತದೆ. ಗಾಯದ ಕೇಸಿನಲ್ಲಿ ಇದನ್ನು ಕೇಳದೆ ಬಿಟ್ಟರೆ ದೊಡ್ಡ ನಷ್ಟ.

ಉಳಿದ ಬಾಬತ್ತುಗಳು ಸಣ್ಣವು, ಆದರೆ ಸೇರಿಸಿದರೆ ದೊಡ್ಡವು. ಆಸ್ಪತ್ರೆ ಮತ್ತು ಔಷಧಿಯ ಬಿಲ್ಲು, ಬೆಂಗಳೂರಿಗೆ ಓಡಾಡಿದ ಖರ್ಚು, ಒಳ್ಳೆಯ ಊಟದ ಖರ್ಚು, ಹಾಸಿಗೆಯಲ್ಲಿದ್ದ ತಿಂಗಳುಗಳ ಕೂಲಿ, ನೋವು, ಮುಂದೆ ಪ್ಲೇಟು ತೆಗೆಸಲು ಬೇಕಾದ ಹಣ, ನೋಡಿಕೊಂಡವರ ಖರ್ಚು. ನೋಡಿಕೊಂಡದ್ದು ಹೆಂಡತಿಯೇ ಆದರೂ ಕೇಳಬಹುದು. ನನ್ನ ಅಕ್ಕ ನಾಲ್ಕು ತಿಂಗಳು ಕೂಲಿ ಬಿಟ್ಟು ಮನೆಯಲ್ಲಿದ್ದಳು. ಅವಳ ಹೆಸರೂ ಆ ಫೈಲಿನಲ್ಲಿ ಇರಲಿಲ್ಲ.

ಇಷ್ಟೆಲ್ಲ ಆಗುವುದು ಕೇಸು ನಿಂತರೆ ತಾನೇ? ಕೇಸು ನಿಲ್ಲುವುದು ಮೊದಲ ದಿನದ ಕಾಗದದ ಮೇಲೆ.

ಆಸ್ಪತ್ರೆಗೆ ಹೋದ ಕೂಡಲೇ ಅಲ್ಲಿ ಎಂಎಲ್‌ಸಿ, ಅಂದರೆ ಪೊಲೀಸ್ ಕೇಸಿಗೆ ಬೇಕಾದ ಗಾಯದ ದಾಖಲೆ, ಬರೆಯುತ್ತಾರೆ. ಹೇಗಾಯಿತು ಎಂದು ಕೇಳುತ್ತಾರೆ. ಗಾಯಾಳು ಅರೆ ಎಚ್ಚರದಲ್ಲಿ ಇರುತ್ತಾನೆ. ಕರೆತಂದವರು ಗಾಬರಿಯಲ್ಲಿ "ಬೈಕಿಂದ ಬಿದ್ದ ಸಾರ್" ಎನ್ನುತ್ತಾರೆ. ನಿಜವೇ, ಬಿದ್ದದ್ದು ಬೈಕಿನಿಂದಲೇ. ಆದರೆ ಗುದ್ದಿದ ಗಾಡಿ ಆ ಕಾಗದದಲ್ಲಿ ಕಾಣುವುದಿಲ್ಲ. ಎರಡು ವರ್ಷದ ಮೇಲೆ ಇನ್ಶೂರೆನ್ಸ್ ಕಂಪನಿ ಆ ಒಂದು ಸಾಲನ್ನು ಹಿಡಿದು "ಇವರು ತಾವೇ ಬಿದ್ದದ್ದು, ನಮ್ಮ ಗಾಡಿಗೆ ಸಂಬಂಧವಿಲ್ಲ" ಎನ್ನುತ್ತದೆ. ಆದ್ದರಿಂದ ಆಸ್ಪತ್ರೆಯಲ್ಲಿ ಯಾರು ಮಾತಾಡಿದರೂ "ಇಂಥ ಗಾಡಿ, ಈ ಕಡೆಯಿಂದ ಬಂದು ಗುದ್ದಿತು" ಎಂದು ಬಾಯಿಬಿಟ್ಟು ಹೇಳಬೇಕು. ಬರೆದದ್ದನ್ನು ಓದಿಸಿ ಕೇಳಬೇಕು. ಗಾಡಿ ನಂಬರ್ ಗೊತ್ತಿದ್ದರೆ ಅದನ್ನೂ ಬರೆಸಬೇಕು.

ಎಫ್‌ಐಆರ್ ತಡವಾದರೆ ಕೇಸೇ ಹೋಯಿತು ಎಂದು ಹೆದರಿಸುವವರಿದ್ದಾರೆ. ತಡವಾಯಿತು ಎಂಬ ಒಂದೇ ಕಾರಣಕ್ಕೆ ಅರ್ಜಿ ತಳ್ಳಿಹಾಕಬಾರದು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಮೊದಲು ಜೀವ, ಆಮೇಲೆ ಸ್ಟೇಷನ್ ಎನ್ನುವುದು ಎಲ್ಲರಿಗೂ ಅರ್ಥವಾಗುವ ಮಾತು. ಆದರೂ ಎರಡು ದಿನದೊಳಗೆ ಮನೆಯವರೊಬ್ಬರು ಸ್ಟೇಷನ್‌ಗೆ ಹೋಗಿ ದೂರು ಕೊಟ್ಟುಬಿಡುವುದು ಒಳ್ಳೆಯದು. ಎಫ್‌ಐಆರ್, ಸ್ಥಳದ ಮಹಜರು, ನಕ್ಷೆ, ಗಾಡಿ ತಪಾಸಣೆಯ ವರದಿ, ಗಾಯದ ಸರ್ಟಿಫಿಕೇಟ್, ಚಾರ್ಜ್‌ಶೀಟ್, ಈ ಆರರ ನಕಲು ಕೈಯಲ್ಲಿರಬೇಕು.

ಕೆಲವರು ಇದಕ್ಕೊಂದು ಅಡ್ಡದಾರಿ ಹೇಳಿಕೊಡುತ್ತಾರೆ. ಗುದ್ದಿದ ಗಾಡಿಗೆ ಇನ್ಶೂರೆನ್ಸ್ ಇಲ್ಲ, ಅಥವಾ ತಾನೇ ಬಿದ್ದದ್ದು, ಆಗ ಇನ್ಶೂರೆನ್ಸ್ ಇರುವ ಬೇರೆಯವರ ಗಾಡಿಯನ್ನು ಕೇಸಿಗೆ ತಂದು ಸೇರಿಸುವುದು. ದಯವಿಟ್ಟು ಇದಕ್ಕೆ ಕೈ ಹಾಕಬೇಡಿ. ಸಿಕ್ಕಿಬಿದ್ದರೆ ಪರಿಹಾರವೂ ಹೋಗುತ್ತದೆ, ಗಾಯಾಳುವಿನ ಮೇಲೇ ಮೋಸದ ಕೇಸು ಬೀಳುತ್ತದೆ. ಇಂಥ ಕೇಸುಗಳು ಸಿಕ್ಕಿದ್ದರಿಂದಲೇ ನಿಜವಾಗಿ ಪೆಟ್ಟು ತಿಂದವರನ್ನೂ ಅನುಮಾನದಿಂದ ನೋಡುವ ಹಾಗಾಗಿದೆ.

ಸಮಯದ ವಿಷಯ ಈಗ ಬಹಳ ಮುಖ್ಯ. 1994ರಿಂದ 2022ರ ಮಾರ್ಚ್‌ವರೆಗೆ ಪರಿಹಾರದ ಅರ್ಜಿಗೆ ಕಾಲಮಿತಿಯೇ ಇರಲಿಲ್ಲ. ಎರಡು ವರ್ಷ ಬಿಟ್ಟು ಹಾಕಿದರೂ ನಡೆಯುತ್ತಿತ್ತು. ನಮ್ಮ ಊರುಗಳಲ್ಲಿ ಇನ್ನೂ ಅದೇ ನಂಬಿಕೆ ಇದೆ. "ಮೊದಲು ವಾಸಿಯಾಗಲಿ, ಆಮೇಲೆ ಕೇಸು ನೋಡೋಣ" ಎನ್ನುತ್ತಾರೆ. ಆದರೆ 2019ರ ತಿದ್ದುಪಡಿಯ ಈ ಭಾಗ 2022ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ ಪ್ರಕಾರ ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನ ಅರ್ಜಿಯನ್ನು ಅಪಘಾತ ಆದ ಆರು ತಿಂಗಳೊಳಗೆ ಹಾಕಬೇಕು. ಮಂಡಿ ಮುರಿದವನು ಆರು ತಿಂಗಳಿಗೆ ಊರುಗೋಲು ಬಿಟ್ಟಿರುತ್ತಾನೆ ಅಷ್ಟೇ.

ಈ ನಿಯಮ ಸರಿಯೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದಿದೆ. ಅದು ತೀರ್ಮಾನವಾಗುವವರೆಗೆ, ಆರು ತಿಂಗಳು ಮೀರಿತು ಎಂಬ ಕಾರಣಕ್ಕೆ ಯಾವ ಅರ್ಜಿಯನ್ನೂ ವಜಾ ಮಾಡಬೇಡಿ ಎಂದು 2025ರ ನವೆಂಬರ್‌ನಲ್ಲಿ ಕೋರ್ಟು ಮಧ್ಯಂತರ ಆದೇಶ ಕೊಟ್ಟಿದೆ. ಇದು ತಡವಾದವರಿಗೆ ದೊಡ್ಡ ಸಮಾಧಾನ. ಆದರೆ ಮಧ್ಯಂತರ ಆದೇಶವನ್ನು ನೆಚ್ಚಿಕೊಂಡು ಬೇಕೆಂದೇ ಕಾಯುವುದು ಜಾಣತನವಲ್ಲ. ವಾಸಿಯಾಗುವ ಮುಂಚೆಯೇ ಅರ್ಜಿ ಹಾಕಬಹುದು. ಊನ ಎಷ್ಟು ಎಂಬುದನ್ನು ಆಮೇಲೆ ಸಾಕ್ಷ್ಯದ ಹಂತದಲ್ಲಿ ತೋರಿಸಿದರಾಯಿತು. ಬಡ್ಡಿಯೂ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕವಾಗುತ್ತದೆ. ತಡ ಮಾಡಿದಷ್ಟು ಬಡ್ಡಿಯೂ ಹೋಗುತ್ತದೆ.

ಅರ್ಜಿಯನ್ನು ಅಪಘಾತ ಆದ ಜಾಗದಲ್ಲೇ ಹಾಕಬೇಕೆಂದೂ ಇಲ್ಲ. ನೀವು ವಾಸವಿರುವ ಕಡೆಯ ಕೋರ್ಟಿನಲ್ಲೂ ಹಾಕಬಹುದು. ಕೋಲಾರದ ಹತ್ತಿರ ಪೆಟ್ಟಾದ ತಿಪಟೂರಿನವರು ಅಲ್ಲಿಗೆ ಅಲೆಯಬೇಕಾಗಿಲ್ಲ.

ಹೊಸ ನಿಯಮದಲ್ಲಿ ಪೊಲೀಸರ ಪಾಲು ದೊಡ್ಡದಾಗಿದೆ. 48 ಗಂಟೆಯೊಳಗೆ ಮೊದಲ ಅಪಘಾತ ವರದಿ, 90 ದಿನದೊಳಗೆ ವಿವರವಾದ ವರದಿ ಟ್ರಿಬ್ಯುನಲ್‌ಗೆ, ಅಂದರೆ ಪರಿಹಾರದ ಕೇಸು ನೋಡುವ ಕೋರ್ಟಿಗೆ, ಹೋಗಬೇಕು. ಆ ವರದಿಯನ್ನೇ ಪರಿಹಾರದ ಅರ್ಜಿ ಎಂದು ತೆಗೆದುಕೊಳ್ಳಲು ಅವಕಾಶವಿದೆ. 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಟ್ಟುನಿಟ್ಟಾಗಿ ನಡೆಸಿ ಎಂದು ಎಲ್ಲ ರಾಜ್ಯಗಳಿಗೂ ಹೇಳಿತು. ಇದು ಪೂರ್ತಿ ನಡೆದರೆ ಗಾಯಾಳು ಬಾಗಿಲು ಬಾಗಿಲು ತಟ್ಟುವುದು ತಪ್ಪುತ್ತದೆ. ನನ್ನ ಮಟ್ಟಿಗೆ ಇಡೀ ತಿದ್ದುಪಡಿಯಲ್ಲಿ ಅತ್ಯಂತ ಒಳ್ಳೆಯ ಅಂಶ ಇದು. ಸ್ಟೇಷನ್‌ಗೆ ಹೋಗಿ ವಿವರವಾದ ವರದಿ ಹೋಗಿದೆಯೇ ಎಂದು ಕೇಳುವ ಹಕ್ಕು ಗಾಯಾಳುವಿಗೆ ಇದೆ, ಕೇಳಬೇಕು.

ತಪ್ಪು ಯಾರದು ಎಂದು ಸಾಬೀತು ಮಾಡದೆಯೇ ಸಿಗುವ ಹಣವೂ ಇದೆ. 164ನೇ ಕಲಮಿನಲ್ಲಿ ಸಾವಿಗೆ 5 ಲಕ್ಷ, ಗಂಭೀರ ಗಾಯಕ್ಕೆ ಎರಡೂವರೆ ಲಕ್ಷ. ಮೂಳೆ ಮುರಿದರೆ ಅದು ಕಾನೂನಿನ ಲೆಕ್ಕದಲ್ಲಿ ಗಂಭೀರ ಗಾಯವೇ. ಸಣ್ಣ ಮುರಿತವಾಗಿ ಪೂರ್ತಿ ವಾಸಿಯಾದವರಿಗೆ ಇದು ಒಳ್ಳೆಯ ದಾರಿ. ಆದರೆ ಇದನ್ನು ತೆಗೆದುಕೊಂಡರೆ 166ರ ದೊಡ್ಡ ಕೇಸು ಮುಂದುವರಿಯುವುದಿಲ್ಲ. ಕಸುಬೇ ಹೋದವರು ಸಹಿ ಹಾಕುವ ಮುಂಚೆ ಮೇಲಿನ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ಹಣ ಕೊಡುವವರು ಯಾರು ಎಂಬುದು ಇನ್ನೊಂದು ಗಂಟು. 2022ರ ಆಗಸ್ಟ್‌ನಲ್ಲಿ ಸಿರಾ ತಾಲ್ಲೂಕಿನ ಕಳ್ಳಂಬೆಳ್ಳ ಹತ್ತಿರ ಕ್ರೂಸರ್ ಮತ್ತು ಲಾರಿ ಗುದ್ದಿಕೊಂಡು 9 ಜನ ಸತ್ತರು. ರಾಯಚೂರು ಕಡೆಯಿಂದ ಬೆಂಗಳೂರಿಗೆ ಕೂಲಿಗೆ ಹೊರಟವರು. ಆ ಗಾಡಿಯಲ್ಲಿ ಇರಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಜನ ಇದ್ದರು. ನಮ್ಮ ಹೆದ್ದಾರಿಯಲ್ಲಿ ದಿನಾ ಕಾಣುವ ದೃಶ್ಯ ಅದು. ಸೀಟಿಗಿಂತ ಹೆಚ್ಚು ಜನ ತುಂಬಿದ ಗಾಡಿಯ ಇನ್ಶೂರೆನ್ಸ್ ಕಂಪನಿ, ಪರ್ಮಿಟ್‌ನಲ್ಲಿರುವಷ್ಟು ಜನರ ಲೆಕ್ಕಕ್ಕೆ ಮಾತ್ರ ಹೊಣೆ ಎಂದು ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿದೆ. ಆ ಹಣವನ್ನೇ ಎಲ್ಲರೂ ಹಂಚಿಕೊಳ್ಳಬೇಕು. ಉಳಿದದ್ದಕ್ಕೆ ಗಾಡಿಯ ಮಾಲೀಕನ ಹಿಂದೆ ಬೀಳಬೇಕು.

ಸಾಮಾನು ಸಾಗಿಸುವ ಗಾಡಿಯಲ್ಲಿ ಕೂತು ಹೋದವರ ಪಾಡು ಇನ್ನೂ ಕಷ್ಟ. ಗೂಡ್ಸ್ ಗಾಡಿಯಲ್ಲಿ ಸುಮ್ನೆ ಹತ್ತಿಕೊಂಡು ಹೋಗುವ ಪ್ರಯಾಣಿಕರಿಗೆ ಇನ್ಶೂರೆನ್ಸ್ ಕಂಪನಿ ಹೊಣೆಯಲ್ಲ. 2002ರ ಕೊನೆಯಿಂದ ಇದು ಸ್ಪಷ್ಟವಾಗಿದೆ. ತನ್ನ ತರಕಾರಿ ಮೂಟೆಯ ಜೊತೆಗೆ ಹೋಗುವ ರೈತನಿಗೆ ರಕ್ಷಣೆ ಇದೆ. ಮದುವೆಗೆ ಹೊರಟ ಇಪ್ಪತ್ತು ಜನಕ್ಕೆ ಇಲ್ಲ. ಟ್ರ್ಯಾಕ್ಟರ್ ಟ್ರೈಲರ್‌ನಲ್ಲಿ ಜಾತ್ರೆಗೆ ಹೋಗುವವರ ಕಥೆಯೂ ಇದೇ.

ಬೈಕಿನಲ್ಲಿ ಹಿಂದೆ ಕೂತವರ ವಿಷಯ ಬಹಳ ಜನಕ್ಕೆ ಗೊತ್ತೇ ಇಲ್ಲ. ಬೇರೆ ಗಾಡಿ ಬಂದು ಗುದ್ದಿದರೆ ಆ ಗಾಡಿಯ ಇನ್ಶೂರೆನ್ಸ್‌ನಿಂದ ಸಿಗುತ್ತದೆ. ಆದರೆ ನಿಮ್ಮ ಬೈಕನ್ನು ಓಡಿಸುತ್ತಿದ್ದವರ ತಪ್ಪಿನಿಂದಲೇ ಬಿದ್ದರೆ, ಬೈಕಿಗೆ ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ, ಹಿಂದೆ ಕೂತವರಿಗೆ ಕಂಪನಿಯಿಂದ ಏನೂ ಬರುವುದಿಲ್ಲ. ಗಂಡ ಓಡಿಸುತ್ತಾನೆ, ಹಿಂದೆ ಹೆಂಡತಿ ಮಗುವನ್ನು ಎತ್ತಿಕೊಂಡು ಕೂತಿರುತ್ತಾಳೆ. ಮುಂದಿನ ಸಲ ಪಾಲಿಸಿ ಕಟ್ಟುವಾಗ ಇದನ್ನು ಕೇಳಿ ಕಟ್ಟಿ. ಸ್ವಂತ ಗಾಡಿ ಓಡಿಸುವ ಮಾಲೀಕರಿಗೆ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಕಡ್ಡಾಯವಾಗಿದೆ. ತಾನೇ ಬಿದ್ದು ಸತ್ತರೂ, ಕೈಕಾಲು ಪೂರ್ತಿ ಕಳೆದುಕೊಂಡರೂ ಅದರಿಂದ ಹಣ ಬರುತ್ತದೆ. ಕೆಲವು ನೂರು ರೂಪಾಯಿ ಉಳಿಸಲು ಅದನ್ನು ಬಿಟ್ಟು ಕಟ್ಟುವವರಿದ್ದಾರೆ.

ಲೈಸೆನ್ಸ್ ಇರಲಿಲ್ಲ, ಬೈಕಿನಲ್ಲಿ ಮೂವರಿದ್ದೆವು, ಹಾಗಾಗಿ ಪರಿಹಾರವೇ ಇಲ್ಲ ಎಂದು ಹೆದರಿ ಕೂರಬೇಡಿ. ಅದಕ್ಕೆ ದಂಡ ಬೇರೆ. ಆ ಕಾರಣದಿಂದಲೇ ಅಪಘಾತ ಆಯಿತು ಎಂದು ತೋರಿಸದೆ ಬರೀ ಅಷ್ಟಕ್ಕೇ ಪರಿಹಾರ ಕಡಿತ ಮಾಡಬಾರದು ಎಂದು ಸುಪ್ರೀಂ ಕೋರ್ಟ್ ಹೇಳಿದೆ.

ಗುದ್ದಿ ಓಡಿಹೋದ ಗಾಡಿ ಸಿಗಲೇ ಇಲ್ಲವೇ? ಸಾವಿಗೆ 2 ಲಕ್ಷ, ಗಂಭೀರ ಗಾಯಕ್ಕೆ 50,000 ರೂಪಾಯಿ ಸಿಗುವ ಯೋಜನೆ 2022ರಿಂದ ಇದೆ. ಇದಕ್ಕೆ ಕೋರ್ಟು ಬೇಡ. ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರ ಕಚೇರಿಯಲ್ಲಿ ಅರ್ಜಿ, ಜಿಲ್ಲಾಧಿಕಾರಿಯವರಿಂದ ಮಂಜೂರಾತಿ.

ಚಿಕಿತ್ಸೆಯ ಹಣದ ಮಾತು ಬಂದಾಗ ನಮ್ಮ ಜಿಲ್ಲೆಯವರಿಗೆ 2016ರ ಫೆಬ್ರವರಿ ನೆನಪಾಗದೆ ಇರುವುದಿಲ್ಲ. ಗುಬ್ಬಿ ತಾಲ್ಲೂಕಿನ ಒಬ್ಬ ಹುಡುಗ ಊರಿನಲ್ಲಿ ಓಟು ಹಾಕಿ ಬೆಂಗಳೂರಿಗೆ ವಾಪಸ್ ಹೊರಟಿದ್ದ. ನೆಲಮಂಗಲದ ಹತ್ತಿರ ಲಾರಿ ಹರಿದು ದೇಹ ಎರಡು ತುಂಡಾಯಿತು. ಆ ಸ್ಥಿತಿಯಲ್ಲೂ ನನ್ನ ಅಂಗಾಂಗ ದಾನ ಮಾಡಿ ಎಂದು ಕೇಳಿಕೊಂಡ. ಅವನ ಹೆಸರಿನಲ್ಲೇ ರಾಜ್ಯ ಸರ್ಕಾರ ಸಾಂತ್ವನ ಹರೀಶ್ ಯೋಜನೆ ತಂದಿತು. ಮೊದಲ 48 ಗಂಟೆಗೆ 25,000 ರೂಪಾಯಿವರೆಗೆ ಉಚಿತ ಚಿಕಿತ್ಸೆ. ಈಗ ಕೇಂದ್ರದ್ದೇ ಯೋಜನೆ ಇದೆ. 2025ರ ಮೇ ತಿಂಗಳಿನಿಂದ ಅಪಘಾತ ಆದ ದಿನದಿಂದ 7 ದಿನದವರೆಗೆ, ಒಬ್ಬರಿಗೆ ಒಂದೂವರೆ ಲಕ್ಷದವರೆಗೆ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಹಣ ಕಟ್ಟದೆ ಚಿಕಿತ್ಸೆ. 112ಕ್ಕೆ ಕರೆ ಮಾಡಿ. ಆಸ್ಪತ್ರೆಯ ಕೌಂಟರಿನಲ್ಲಿ ಮೊದಲೇ ಕೇಂದ್ರದ ಈ ಯೋಜನೆಯ ಬಗ್ಗೆ ಕೇಳಿ. ಗಾಯಾಳುವನ್ನು ತಂದು ಸೇರಿಸಿದವರನ್ನು ಪೊಲೀಸರು ಹೆಸರು ವಿಳಾಸಕ್ಕಾಗಿ ಬಲವಂತ ಮಾಡುವಂತಿಲ್ಲ, ಅದಕ್ಕೂ ಕಾನೂನಿನ ರಕ್ಷಣೆ ಇದೆ.

ಅವಾರ್ಡ್ ಆದ ಮೇಲೂ ಕಣ್ಣು ತೆರೆದಿರಬೇಕು. ಪರಿಹಾರದಲ್ಲಿ ಇಂತಿಷ್ಟು ಪಾಲು ಎಂದು ಮಾತಾಡಿಕೊಂಡು ಕೇಸು ಹಿಡಿಯುವುದು ಬಹಳ ಕಡೆ ನಡೆಯುತ್ತದೆ. ವಕೀಲರು ಕೇಸಿನಿಂದ ಬರುವ ಹಣದಲ್ಲಿ ಪಾಲು ಕೇಳುವಂತಿಲ್ಲ ಎಂದು ಬಾರ್ ಕೌನ್ಸಿಲ್ ನಿಯಮವೇ ಹೇಳುತ್ತದೆ. ಫೀಸು ಕೊಡೋಣ, ಕೊಡಲೇಬೇಕು, ಅವರ ದುಡಿಮೆಯೂ ದುಡಿಮೆಯೇ. ಆದರೆ ಖಾಲಿ ಚೆಕ್ಕಿಗೆ, ಖಾಲಿ ಕಾಗದಕ್ಕೆ ಸಹಿ ಬೇಡ. ಹಣ ನೇರವಾಗಿ ಗಾಯಾಳುವಿನ ಬ್ಯಾಂಕ್ ಖಾತೆಗೇ ಬರಬೇಕು ಎಂಬುದೇ ಸುಪ್ರೀಂ ಕೋರ್ಟಿನ ನಿರ್ದೇಶನ. ವಕೀಲರನ್ನು ಇಡಲು ಆಗದ ಹೆಂಗಸರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇರಲಿ ಕೋರ್ಟಿನಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತವಾಗಿ ವಕೀಲರನ್ನು ಪಡೆಯಬಹುದು. ಅದರ ಸಹಾಯವಾಣಿ 15100.

ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಂಡರೆ ಹಣ ಬೇಗ ಬರುತ್ತದೆ, ನಿಜ. ಆದರೆ ಅದರ ಮೇಲೆ ಅಪೀಲು ಇಲ್ಲ. ಮೊತ್ತ ಹೇಳಿದಾಗ ಆ ನಾಲ್ಕು ಅಂಕಿಗಳನ್ನು ಗುಣಿಸಿ ನೋಡಿ ತಲೆಯಾಡಿಸಬೇಕು. ಕೋರ್ಟಿನ ಅವಾರ್ಡ್ ಕಡಿಮೆ ಅನ್ನಿಸಿದರೆ 90 ದಿನದೊಳಗೆ ಹೈಕೋರ್ಟಿಗೆ ಹೋಗಬಹುದು. ಭಾವನಿಗೆ ಇದನ್ನು ಯಾರೂ ಹೇಳಲಿಲ್ಲ. ನನಗೆ ಗೊತ್ತಾಗುವ ಹೊತ್ತಿಗೆ ವರ್ಷ ಕಳೆದಿತ್ತು. ಹಣ ಬಂದಿತ್ತು, ಸಾಲಕ್ಕೆ ಹೋಗಿತ್ತು.

ಈಗ ಅವರು ಊರಿನಲ್ಲಿ ಒಂದು ಸಣ್ಣ ಅಂಗಡಿ ಮುಂದೆ ಕೂತು ಎಳನೀರು ಮಾರುತ್ತಾರೆ. ಕಾಯಿ ಬೇರೆಯವರು ಕೆಡವಿ ತಂದು ಹಾಕುತ್ತಾರೆ.

ಹೋದ ತಿಂಗಳು ಪಕ್ಕದ ಬೀದಿಯ ಹುಡುಗ ಬಂದಿದ್ದ. ಎಳನೀರು ಲೋಡ್ ಮಾಡುವ ಕೆಲಸ ಅವನದು. ಕಾರು ಗುದ್ದಿ ಬಲಗೈ ಮಣಿಕಟ್ಟು ಮುರಿದು ನಾಲ್ಕು ತಿಂಗಳಾಗಿತ್ತು. ಅರ್ಜಿ ಬರೆಸಲು ತುಮಕೂರಿಗೆ ಹೋಗುವ ಮುಂಚೆ ಏನೇನು ಕಾಗದ ಬೇಕು ಎಂದು ಕೇಳಲು ನನ್ನ ಹತ್ತಿರ ಬಂದ. ನಾನು ಎಂಎಲ್‌ಸಿ, ಎಫ್‌ಐಆರ್ ಎಂದು ಪಟ್ಟಿ ಮಾಡುತ್ತಿದ್ದೆ. ಭಾವ ಮಚ್ಚು ಕೆಳಗಿಟ್ಟು ಅವನ ಪಕ್ಕ ಬಂದು ಕೂತರು.

"ಗೊನೆ ಹೆಂಗೆ ಎತ್ತುತ್ತಿದ್ದೆ ಮಗ? ಒಂದು ಕೈಲೋ, ಎರಡು ಕೈಲೋ?"

"ಎರಡೂ ಕೈಲಿ ಹಿಡಿದು ಎಸೀತಿದ್ದೆ ಮಾವ. ಬಲಗೈದೇ ಜೋರು."

"ಒಂದು ಲೋಡಿಗೆ ಎಷ್ಟು ಗೊನೆ?"

ಹುಡುಗ ಹೇಳಿದ. ಭಾವ ನನ್ನ ಕಡೆ ತಿರುಗಿದರು. "ಬರ್ಕೊಳಪ್ಪ" ಎಂದರು.